ತುಂಗಭದ್ರೆಯ ದಡದಲ್ಲಿ ಮೂರು ಚದುರಂಗಗಳು

ಹಂಪಿಯ ವಿಜಯವಿಠ್ಠಲ ದೇಗುಲದ ಅಂಗಳದಲ್ಲಿರುವ ಕಲ್ಲಿನ ರಥವನ್ನು ನೋಡದ ಕನ್ನಡಿಗರು ಅಪರೂಪ. ಅಲ್ಲಿಗೆ ಹೋಗದವರೂ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದನ್ನು ಕಂಡಿರುತ್ತಾರೆ. ಆದರೆ ರಥವನ್ನು ಎಳೆಯುವಂತೆ ನಿಂತಿರುವ ಎರಡು ಆನೆಗಳ ಹಿಂದೆ ಬಗ್ಗಿ ನೋಡುವವರು ಕಡಿಮೆ. ನೋಡಿದರೆ ಅಲ್ಲಿ ಕುದುರೆಗಳ ಹಿಂಗಾಲು, ಬಾಲ ಕಾಣಿಸುತ್ತವೆ. ಮೂಲದಲ್ಲಿ ಶಿಲ್ಪಿ ಈ ರಥಕ್ಕೆ ಕಟ್ಟಿದ್ದು ಕುದುರೆಗಳನ್ನು. ಅವು ಹೋದ ಮೇಲೆ ಯಾರೋ ಈ ಆನೆಗಳನ್ನು ತಂದು ಆ ಜಾಗದಲ್ಲಿ ನಿಲ್ಲಿಸಿದರು. ರಥದ ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಸ್ಪಷ್ಟವಾಗಿದೆ. ಈಗ ಅದೂ ಇಲ್ಲ.

ರಥ, ಕುದುರೆ, ಆನೆ. ಇವುಗಳ ಜೊತೆಗೆ ಕಾಲಾಳು ಸೇರಿದರೆ ಚತುರಂಗ ಸೈನ್ಯ. ಅದನ್ನು ಅರವತ್ತನಾಲ್ಕು ಮನೆಗಳ ಮೇಲೆ ನಿಲ್ಲಿಸಿದರೆ ಚದುರಂಗ. ವಿಠ್ಠಲನ ಅಂಗಳದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದಂತೆ ಹಲಗೆಯ ಮೇಲೂ ಈ ಕಾಯಿಗಳು ಸಾವಿರದ ನಾನೂರು ವರ್ಷಗಳಿಂದ ಜಾಗ, ಹೆಸರು, ನಡೆಗಳನ್ನು ಬದಲಿಸಿಕೊಳ್ಳುತ್ತ ಬಂದಿವೆ. ಮೂಲೆಯಲ್ಲಿ ನಿಂತು ನೇರಕ್ಕೆ ಓಡುವ ಕಾಯಿಯನ್ನು ನಾವು ಇಂದು ಆನೆ ಎನ್ನುತ್ತೇವೆ. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಹೆಚ್ಚಾಗಿ ಅದು ರಥದ ನಡೆ. ಆನೆಯಿದ್ದ ಮನೆಗೆ ಒಂಟೆ ಬಂದು ನಿಂತಿದೆ.

ಚದುರಂಗ ಹಂಪಿಯಲ್ಲಿ ಹುಟ್ಟಿತೆಂದು ಹೇಳುವುದು ನನ್ನ ಉದ್ದೇಶವಲ್ಲ. ಅದು ಹುಟ್ಟಿದ್ದು ಉತ್ತರ ಭಾರತದಲ್ಲಿ, ಸುಮಾರು 6ನೇ ಶತಮಾನದಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಆದರೆ ಕಂಪ್ಲಿಯಿಂದ ಹೊಸಪೇಟೆಯವರೆಗಿನ ಈ ನೆಲಕ್ಕೆ ಆ ಆಟದ ಚರಿತ್ರೆಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಜಾಗವಿದೆ. 1443ರಿಂದ ಎಂಬತ್ತೇ ವರ್ಷಗಳ ಒಳಗೆ, ಚದುರಂಗವನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಆಡುತ್ತಿದ್ದ ಮೂರು ಲೋಕಗಳ ಜನ ಇಲ್ಲಿ, ಒಂದೇ ಅರಮನೆಯ ಒಡ್ಡೋಲಗದಲ್ಲಿ ಬಂದು ನಿಂತರು. ಪರ್ಷಿಯಾದ ಕಡೆಯವರು, ಈ ನಾಡಿನವರು, ಪೋರ್ಚುಗಲ್ಲಿನವರು. ಮೂವರ ಆಟವೂ ಒಂದೇ ತಾಯಿಯ ಮಕ್ಕಳು. ಆದರೆ ಅಷ್ಟು ಹೊತ್ತಿಗೆ ಒಬ್ಬರ ಆಟ ಇನ್ನೊಬ್ಬರಿಗೆ ಗುರುತು ಸಿಗದಷ್ಟು ದೂರ ಹೋಗಿತ್ತು.

ಮೊದಲಿನಿಂದ ಹೇಳುತ್ತೇನೆ.

ಎಂಟು ಸಾಲು ಎಂಟು ಕಂಬಗಳ ಹಲಗೆ ಚದುರಂಗಕ್ಕಿಂತ ಬಹಳ ಹಳೆಯದು. ಅಷ್ಟಾಪದ ಎಂಬ ಹೆಸರಿನ ಆ ಹಲಗೆಯ ಮೇಲೆ ದಾಳ ಉರುಳಿಸಿ ಕಾಯಿ ನಡೆಸುವ ಆಟವಿತ್ತು. ಪಾಲಿಯ ಬ್ರಹ್ಮಜಾಲ ಸುತ್ತದಲ್ಲಿ ಬುದ್ಧ ಆಡದ ಆಟಗಳ ಪಟ್ಟಿಯಲ್ಲಿ ಎಂಟು ಮತ್ತು ಹತ್ತು ಸಾಲಿನ ಹಲಗೆಗಳ ಆಟಗಳು ಬರುತ್ತವೆ. ಆ ಹಲಗೆಯ ಮೇಲೆ ಯಾರೋ ಒಬ್ಬ ಪ್ರತಿಭಾವಂತ, ಅಥವಾ ಒಂದೆರಡು ತಲೆಮಾರಿನ ಹಲವರು, ಸೈನ್ಯವನ್ನು ನಿಲ್ಲಿಸಿದರು. ಪ್ರತಿಯೊಂದು ಅಂಗಕ್ಕೂ ಅದರದೇ ನಡೆ ಕೊಟ್ಟರು. ಇಲ್ಲಿಯೇ ಜಗತ್ತಿನ ಆಟಗಳ ಚರಿತ್ರೆ ತಿರುಗಿದ್ದು. ಅದುವರೆಗಿನ ಹಲಗೆಯಾಟಗಳಲ್ಲಿ ಎಲ್ಲ ಕಾಯಿಗಳೂ ಹೆಚ್ಚುಕಡಿಮೆ ಒಂದೇ ಥರ. ಒಂದೊಂದಕ್ಕೆ ಒಂದೊಂದು ಸ್ವಭಾವ ಕೊಡುವ ಕಲ್ಪನೆ ಹೊಸದು.

ಈ ಆಟದ ಅತ್ಯಂತ ಹಳೆಯ ಸ್ಪಷ್ಟ ಸುಳಿವುಗಳಲ್ಲಿ ಒಂದು ಇರುವುದು ಬಾಣಭಟ್ಟನ ಹರ್ಷಚರಿತದಲ್ಲಿ. ಹರ್ಷನ ಆಳ್ವಿಕೆಯ ಶಾಂತಿಯನ್ನು ಹೊಗಳುತ್ತ ಬಾಣ ಶ್ಲೇಷೆ ಹೂಡುತ್ತಾನೆ: ಚತುರಂಗ ಬಲಗಳ ರಚನೆ ಆಗ ಅಷ್ಟಾಪದದ ಹಲಗೆಯ ಮೇಲೆ ಮಾತ್ರ ಕಾಣುತ್ತಿತ್ತು ಎಂಬ ಭಾವದಲ್ಲಿ. ಆಸ್ಥಾನಕವಿಯ ಮಾತು ಅದು. ಹರ್ಷನ ನಿಜವಾದ ಚತುರಂಗ ಬಲ ದಕ್ಷಿಣಕ್ಕೆ ಇಳಿದಾಗ ಅದನ್ನು ತಡೆದು ನಿಲ್ಲಿಸಿದವನು ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹರ್ಷನ ಆನೆಗಳ ಪಡೆ ಬಿದ್ದದ್ದನ್ನೂ ಹರ್ಷನ ಹರ್ಷ ಕರಗಿದ್ದನ್ನೂ ಕೆತ್ತಿಸಿದ್ದಾನೆ. ಹಲಗೆಯ ಮೇಲಿನ ಆನೆಗಳ ಸುಳಿವು ಕೊಡುವ ಗದ್ಯಕಾವ್ಯವೂ ಯುದ್ಧಭೂಮಿಯಲ್ಲಿ ಬಿದ್ದ ಆನೆಗಳನ್ನು ಹೇಳುವ ಶಾಸನವೂ ಒಬ್ಬನೇ ರಾಜನ ಬಗ್ಗೆ, ಒಂದೇ ಕಾಲದಲ್ಲಿ ಹುಟ್ಟಿದವು.

ಅದೇ ಹೊತ್ತಿಗೆ ಆಟ ಪರ್ಷಿಯಾ ತಲುಪಿತ್ತು. ಭಾರತದ ರಾಜನೊಬ್ಬ ಖುಸ್ರೋ ದೊರೆಗೆ ಚದುರಂಗದ ಹಲಗೆ, ಕಾಯಿ ಕಳಿಸಿ, ಇದರ ಮರ್ಮ ಬಿಡಿಸಿ, ಇಲ್ಲವೇ ಕಪ್ಪ ಕೊಡಿ ಎಂದನಂತೆ. ಮಂತ್ರಿ ಬುಜುರ್ಜ್‌ಮಿಹ್ರ್ ಅದನ್ನು ಬಿಡಿಸಿ, ಪ್ರತಿಯಾಗಿ ನರ್ದ್ ಎಂಬ ದಾಳದ ಆಟವನ್ನು ರಚಿಸಿ ಕಳಿಸಿದನಂತೆ. ಪಹ್ಲವಿ ಭಾಷೆಯ ಒಂದು ಚಿಕ್ಕ ಕೃತಿಯಲ್ಲಿ ಈ ಕತೆಯಿದೆ. ಮುಂದೆ ಫಿರ್ದೌಸಿಯ ಶಾಹನಾಮೆ ಅದನ್ನು ಹಿಗ್ಗಿಸಿ ಹೇಳಿತು. ಕತೆ ಎಷ್ಟು ನಿಜವೋ, ಆಟ ಭಾರತದಿಂದ ಬಂತೆಂದು ಪರ್ಷಿಯನ್ನರೇ ಒಪ್ಪಿಕೊಂಡಿದ್ದರು ಎಂಬುದಂತೂ ನಿಜ. ಪರ್ಷಿಯಾವನ್ನು ಅರಬರು ಗೆದ್ದ ಮೇಲೆ ಅದು ಶತರಂಜ್ ಆಗಿ ಬಾಗ್ದಾದಿಗೆ, ಅಲ್ಲಿಂದ ಸ್ಪೇನಿನವರೆಗೆ ನಡೆಯಿತು.

ಶತರಂಜ್ ನಿಧಾನದ ಆಟ. ರಾಜನ ಪಕ್ಕದ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯಬಲ್ಲವನು. ಆನೆ ಓರೆಯಾಗಿ ಒಂದು ಮನೆ ಹಾರಿ ಎರಡನೆಯದಕ್ಕೆ ಬೀಳುತ್ತದೆ. ಹಾಗೆ ಹಾರುತ್ತ ಹೋದರೆ ಇಡೀ ಹಲಗೆಯಲ್ಲಿ ಅದು ಮುಟ್ಟಬಲ್ಲ ಮನೆಗಳು ಎಂಟೇ. ಒಂದು ಆನೆಯ ಎಂಟು ಮನೆ ಇನ್ನೊಂದರದಲ್ಲ. ಹೀಗಾಗಿ ಎರಡೂ ಕಡೆಯ ನಾಲ್ಕು ಆನೆಗಳು ಆಟವಿಡೀ ಒಂದನ್ನೊಂದು ಎದುರಿಸುವುದೇ ಇಲ್ಲ. ಭಾರತದಲ್ಲಿ ಆನೆಯ ನಡೆ ಬೇರೆಯಾಗಿತ್ತು. ಸುಮಾರು 1030ರಲ್ಲಿ ಪಂಜಾಬಿನ ಆಟವನ್ನು ನೋಡಿ ಬರೆದ ಅಲ್ ಬಿರೂನಿ ಹೇಳುತ್ತಾನೆ: ಇವರ ಆನೆ ಮುಂದಕ್ಕೆ ಒಂದು ಮನೆ, ನಾಲ್ಕು ಓರೆಗಳಿಗೆ ಒಂದೊಂದು ಮನೆ ನಡೆಯುತ್ತದೆ, ಈ ಐದು ಮನೆಗಳು ಆನೆಯ ಸೊಂಡಿಲು ಮತ್ತು ನಾಲ್ಕು ಕಾಲು ಎನ್ನುತ್ತಾರೆ. ಆನೆಯನ್ನು ದಿನಾ ನೋಡುವ ಜನ ಮಾತ್ರ ಮಾಡಬಲ್ಲ ನಿಯಮ ಇದು. ಈ ಐದು ಹೆಜ್ಜೆಯ ಆನೆ ಭಾರತದಲ್ಲಿ ಕಣ್ಮರೆಯಾಯಿತು. ಬರ್ಮಾದ ಸಿತ್ತುಯಿನ್ ಆಟದಲ್ಲಿ ಆನೆಯಾಗಿಯೇ ಉಳಿದಿದೆ. ಥಾಯ್ಲೆಂಡಿನ ಮಕ್ರುಕ್‌ನಲ್ಲಿಯೂ, ಜಪಾನಿನ ಶೋಗಿಯಲ್ಲಿ ಬೆಳ್ಳಿಯ ಸೇನಾಪತಿ ಎಂಬ ಹೆಸರಿನಲ್ಲಿಯೂ ಅದೇ ನಡೆ ಇವತ್ತಿಗೂ ಇದೆ. ಚೀನಾದ ಶಿಯಾಂಗ್‌ಚಿಯಲ್ಲಿ ಹಲಗೆಯ ನಡುವೆ ನದಿಯೊಂದು ಹರಿಯುತ್ತದೆ. ಆನೆ ಆ ನದಿಯನ್ನು ದಾಟುವಂತಿಲ್ಲ, ಫಿರಂಗಿ ಮಾತ್ರ ನಡುವೆ ನಿಂತ ಒಂದು ಕಾಯಿಯ ಮೇಲಿಂದ ಹಾರಿ ಹೊಡೆಯುತ್ತದೆ. ಒಂದೊಂದು ನಾಡು ತನ್ನ ಸೈನ್ಯ ಹೇಗಿದೆಯೋ ಹಾಗೆ ಹಲಗೆಯನ್ನು ತಿದ್ದಿಕೊಂಡಿತು.

ಈಗ ಕಂಪ್ಲಿಗೆ ಬರೋಣ. ಇಂದು ಭತ್ತದ ಗದ್ದೆಗಳ ನಡುವೆ ನದಿಗೆ ಒರಗಿ ಕುಳಿತಿರುವ ಈ ಊರು ಹಂಪಿಗಿಂತ ಮೊದಲೇ ರಾಜಧಾನಿಯ ಗತ್ತು ಕಂಡದ್ದು. ಕಲ್ಯಾಣದ ಚಾಲುಕ್ಯರಿಗೆ ಇಲ್ಲಿ ಅರಮನೆಯಿತ್ತು. 11ನೇ ಶತಮಾನದ ನಡುವಿನಲ್ಲಿ ಚೋಳ ರಾಜಾಧಿರಾಜನ ಪಡೆ ಕಂಪಿಲಿಯ, ಅಂದರೆ ಕಂಪ್ಲಿಯ, ಆ ಅರಮನೆಯನ್ನು ಕೆಡವಿದ್ದನ್ನು ಚೋಳರ ಪ್ರಶಸ್ತಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಕೆಡವಿಸಿಕೊಂಡ ಆಹವಮಲ್ಲ ಸೋಮೇಶ್ವರ ಮುಂದೆ 1068ರಲ್ಲಿ ಇದೇ ತುಂಗಭದ್ರೆಯ ಕುರುವತ್ತಿಯಲ್ಲಿ ಜಲಸಮಾಧಿಯಾದ. ಅವನ ಮಗ ಆರನೆಯ ವಿಕ್ರಮಾದಿತ್ಯ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಈ ಮೊಮ್ಮಗ ಯುದ್ಧಕ್ಕಿಂತ ಪುಸ್ತಕಕ್ಕೆ ಹೆಸರಾದವನು. ಸುಮಾರು 1130ರಲ್ಲಿ ಅವನು ಬರೆದ ಮಾನಸೋಲ್ಲಾಸ, ಇನ್ನೊಂದು ಹೆಸರು ಅಭಿಲಷಿತಾರ್ಥಚಿಂತಾಮಣಿ, ಅರಸನೊಬ್ಬ ತಿಳಿದಿರಬೇಕಾದ್ದನ್ನೆಲ್ಲ ನೂರು ಅಧ್ಯಾಯಗಳಲ್ಲಿ ಹೇಳುವ ಗ್ರಂಥ. ಅಡುಗೆಯಿಂದ ಆನೆ ಹಿಡಿಯುವವರೆಗೆ ಎಲ್ಲವೂ ಅದರಲ್ಲಿದೆ. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಕೊನೆಯದು ಕ್ರೀಡಾ ವಿಂಶತಿ. ಅದರಲ್ಲಿ ಸುಮಾರು ಅರವತ್ತು ಶ್ಲೋಕಗಳು ಚದುರಂಗಕ್ಕೆ ಮೀಸಲು.

ಇದರ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕು. ಚದುರಂಗ ಭಾರತದ್ದು ಎಂದು ಲೋಕವೆಲ್ಲ ಒಪ್ಪುತ್ತದೆ, ಆದರೆ ಆಟವನ್ನು ವಿವರವಾಗಿ ಬರೆದಿಟ್ಟ ಹಳೆಯ ಗ್ರಂಥಗಳು ಹೆಚ್ಚಾಗಿ ಸಿಗುವುದು ಅರಬ್ಬಿಯಲ್ಲಿ. ಬಾಗ್ದಾದಿನ ಅಲ್ ಅದ್ಲಿ, ಅಸ್ ಸೂಲಿಯಂಥವರು 9 ಮತ್ತು 10ನೇ ಶತಮಾನಗಳಲ್ಲಿ ಆಟದ ತಂತ್ರಗಳ ಮೇಲೆ ಪುಸ್ತಕ ಬರೆದರು. ತವರಿನಲ್ಲಿ ಕವಿಗಳ ಶ್ಲೇಷೆ, ಉಪಮೆಗಳನ್ನು ಹೆಕ್ಕಿಕೊಂಡು ಊಹಿಸಬೇಕು. ಅಂಥ ಬರದ ನಡುವೆ ಕನ್ನಡ ನಾಡಿನ ದೊರೆಯೊಬ್ಬ ಕಾಯಿಗಳನ್ನು ಎಲ್ಲಿ ನಿಲ್ಲಿಸಬೇಕು, ಹೇಗೆ ನಡೆಸಬೇಕು, ಇಬ್ಬರು ಆಡುವುದು ಹೇಗೆ, ನಾಲ್ವರು ಆಡುವುದು ಹೇಗೆ ಎಂದು ಶ್ಲೋಕಗಟ್ಟಿ ಇಟ್ಟಿದ್ದಾನೆ. ಮರೆ ಎಂಬ ಇಂಗ್ಲಿಷ್ ಚರಿತ್ರಕಾರ 1913ರಲ್ಲಿ ತಂದ ಬೃಹತ್ ಚದುರಂಗ ಚರಿತ್ರೆಗೆ ಈ ಶ್ಲೋಕಗಳು ಗೊತ್ತಿರಲಿಲ್ಲ. ಬೋಕ್-ರಾಮಿಂಗ್ ಎಂಬ ಜರ್ಮನ್ ಸಂಸ್ಕೃತ ವಿದ್ವಾಂಸ 1990ರ ದಶಕದಲ್ಲಿ, ಇದುವರೆಗೆ ಯಾರೂ ಗಮನಿಸದ ಪಠ್ಯ ಎಂದು ಅದರ ಮೇಲೆ ಬರೆದ ನಂತರವೇ ಆಟದ ಚರಿತ್ರಕಾರರು ಇತ್ತ ತಿರುಗಿದ್ದು. ನಮ್ಮ ನೆಲದ ಪುಸ್ತಕ ನಮ್ಮ ಕೈಯಲ್ಲೇ ಇದ್ದಾಗ ಇದನ್ನು ನಾವೇ ಮೊದಲು ಹೇಳಬೇಕಿತ್ತು ಎಂಬ ಕೊರಗು ನನಗಿದೆ.

ನಾಲ್ವರ ಚದುರಂಗದ ಬಗ್ಗೆ ಒಂದು ಮಾತು. ಹಲಗೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ಸೈನ್ಯ. ಅಲ್ ಬಿರೂನಿ ಕಂಡ ಆಟದಲ್ಲಿ ಯಾವ ಕಾಯಿ ನಡೆಯಬೇಕೆಂಬುದನ್ನು ದಾಳ ತೀರ್ಮಾನಿಸುತ್ತಿತ್ತು. ಇದೇ ಮೂಲ ಆಟ, ಇಬ್ಬರದು ಆಮೇಲಿನದು ಎಂದು ಒಂದು ಕಾಲಕ್ಕೆ ಬಲವಾಗಿ ವಾದಿಸುತ್ತಿದ್ದರು. ಈಗ ಆ ವಾದಕ್ಕೆ ಬೆಂಬಲ ಕಡಿಮೆ.

ಮತ್ತೆ ಕಂಪ್ಲಿಗೆ. ಚಾಲುಕ್ಯರ ನಂತರ ಇಲ್ಲಿದ್ದ ಕಂಪಿಲಿ ರಾಜ್ಯದ ಕತೆ 1327ರಲ್ಲಿ ಮುಗಿಯಿತು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನ್ ಗುರ್ಷಾಸ್ಪನಿಗೆ ಇಲ್ಲಿನ ಅರಸ ಕಂಪಿಲದೇವ ಆಶ್ರಯ ಕೊಟ್ಟ. ಕೊಟ್ಟ ಮಾತಿಗೆ ಕುಮ್ಮಟದುರ್ಗ, ಸಂಡೂರಿನ ಬೆಟ್ಟಸಾಲಿನ ಹೊಸಮಲೆದುರ್ಗ ಎರಡನ್ನೂ, ಕೊನೆಗೆ ತನ್ನ ಪ್ರಾಣವನ್ನೂ ತೆತ್ತ. ಅವನ ಮಗ ಕುಮಾರರಾಮ ಇಂದಿಗೂ ಈ ಸೀಮೆಯ ದೈವ. ಕುಮಾರರಾಮನ ಕತೆಯಲ್ಲಿ ಅನಾಹುತ ಶುರುವಾಗುವುದೂ ಒಂದು ಆಟದಿಂದ, ಮಲತಾಯಿ ರತ್ನಾಜಿಯ ಅಂಗಳಕ್ಕೆ ಬಿದ್ದ ಚೆಂಡಿನಿಂದ. ಅವಳ ಮಾತು ಕೇಳಿ ಮಗನ ತಲೆ ತೆಗೆಯಬೇಕೆಂದು ಅರಸ ಆಜ್ಞೆ ಮಾಡಿದಾಗ ಅವನನ್ನು ಗುಟ್ಟಾಗಿ ಬಚ್ಚಿಟ್ಟು, ಶತ್ರು ಬಾಗಿಲಿಗೆ ಬಂದ ದಿನ ಹೊರಗೆ ತಂದು ನಿಲ್ಲಿಸುವವನು ಮಂತ್ರಿ ಬೈಚಪ್ಪ. ಸಂಕಟದ ಹೊತ್ತಿನಲ್ಲಿ ಅರಸನಿಗಿಂತ ದೂರ ನೋಡಬಲ್ಲ ಮಂತ್ರಿ ನಮ್ಮ ಜನರ ಕತೆಗಳಲ್ಲಿ ಯಾವತ್ತೂ ಇದ್ದಾನೆ, ಹಲಗೆಯ ಮೇಲೆ ಮಂತ್ರಿ ಒಂದೇ ಮನೆ ನಡೆಯುತ್ತಿದ್ದ ಕಾಲದಲ್ಲಿ ಕೂಡ.

ಕಂಪಿಲಿಯ ಬೂದಿಯಿಂದ ವಿಜಯನಗರ ಎದ್ದಿತು. ಅದರ ಮೊದಲ ತಲೆಮಾರಿನ ಮಹಾಪುರುಷ ವಿದ್ಯಾರಣ್ಯರು. ಅವರ ಸಮಕಾಲೀನ, ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರನ್ನು ವಿದ್ಯಾರಣ್ಯರು ರಾಯರ ಆಸ್ಥಾನಕ್ಕೆ ಕರೆದರೆಂದೂ ದೇಶಿಕರು ಒಲ್ಲೆ ಎಂದು ವೈರಾಗ್ಯಪಂಚಕವನ್ನು ಬರೆದು ಕಳಿಸಿದರೆಂದೂ ಪರಂಪರೆ ಹೇಳುತ್ತದೆ. ಶ್ರೀರಂಗದ ಮೇಲೆ ದಾಳಿಯಾದಾಗ ದೇಶಿಕರು ಮೇಲುಕೋಟೆಯ ಕಡೆ, ಕನ್ನಡ ನೆಲದಲ್ಲಿ, ವರ್ಷಗಟ್ಟಲೆ ತಂಗಿದ್ದರು. ಅವರು ಹಂಪಿಗೆ ಬರಲಿಲ್ಲ, ನಿಜ. ಆದರೆ ಚದುರಂಗದ ಕುದುರೆಯನ್ನು ಅವರಷ್ಟು ಚೆನ್ನಾಗಿ ಪಳಗಿಸಿದ ಕವಿ ಇನ್ನೊಬ್ಬರಿಲ್ಲ.

ರಂಗನಾಥನ ಪಾದುಕೆಯ ಮೇಲೆ ಬರೆದ ಅವರ ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಒಂದು ಜೋಡಿ ಶ್ಲೋಕಗಳಿವೆ. ಅನುಷ್ಟುಪ್ ಶ್ಲೋಕವೆಂದರೆ ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು ಮೂವತ್ತೆರಡು ಅಕ್ಷರ. ಮೊದಲ ಶ್ಲೋಕವನ್ನು ನಾಲ್ಕು ಸಾಲಾಗಿ ಬರೆದರೆ ಅರ್ಧ ಚದುರಂಗದ ಹಲಗೆ ಸಿದ್ಧ. ಈಗ ಮೊದಲ ಮನೆಯಲ್ಲಿ ಕುದುರೆಯನ್ನಿಟ್ಟು, ಎರಡು ನೇರ ಒಂದು ಪಕ್ಕ ಎಂಬ ಅದರ ನಡೆಯಲ್ಲೇ ಹಾರಿಸುತ್ತ ಹೋಗಿ. ಒಂದು ಮನೆಯನ್ನೂ ಬಿಡದೆ, ಒಂದು ಮನೆಗೂ ಎರಡನೆಯ ಸಲ ಕಾಲಿಡದೆ ಮೂವತ್ತೆರಡನ್ನೂ ಮುಗಿಸುತ್ತದೆ. ಅದು ಕಾಲಿಟ್ಟ ಕ್ರಮದಲ್ಲಿ ಅಕ್ಷರಗಳನ್ನು ಓದಿದರೆ ಸಿಗುವುದು ಎರಡನೆಯ ಶ್ಲೋಕ. ಅದಕ್ಕೂ ಛಂದಸ್ಸಿದೆ, ಅರ್ಥವಿದೆ, ಭಕ್ತಿಯಿದೆ. 9ನೇ ಶತಮಾನದ ಕಾಶ್ಮೀರದಲ್ಲಿ ರುದ್ರಟ ತನ್ನ ಕಾವ್ಯಾಲಂಕಾರದಲ್ಲಿ ಈ ತುರಗಪದ ಬಂಧವನ್ನು ಆಗಲೇ ತೋರಿಸಿದ್ದ; ಅವನದರಲ್ಲಿ ಕುದುರೆಯ ಹಾದಿಯಲ್ಲಿ ಓದಿದರೆ ಅದೇ ಶ್ಲೋಕ ಮರಳಿ ಬರುತ್ತದೆ. ದೇಶಿಕರದರಲ್ಲಿ ಹೊಸ ಶ್ಲೋಕವೇ ಹುಟ್ಟುತ್ತದೆ. ಯುರೋಪಿನ ಗಣಿತಜ್ಞ ಆಯ್ಲರ್ ಕುದುರೆಯ ಸಂಚಾರದ ಮೇಲೆ ಕೈಹಾಕಿದ್ದು 18ನೇ ಶತಮಾನದಲ್ಲಿ.

ಇನ್ನು ಆ ಎಂಬತ್ತು ವರ್ಷಗಳು.

1443ರ ಬೇಸಗೆಯಲ್ಲಿ ಅಬ್ದುರ್ ರಜಾಕ್ ಎಂಬ ರಾಯಭಾರಿ ಹೆರಾತಿನಿಂದ ಹೊರಟು, ಹಾರ್ಮುಜ್, ಕಲ್ಲಿಕೋಟೆ, ಮಂಗಳೂರು ದಾಟಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ. ಇಂಥ ಊರನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಎಂಬ ಬೆರಗಿನಲ್ಲಿ ಅವನು ಬರೆದ ವಿವರಗಳು ಎಲ್ಲರಿಗೂ ಗೊತ್ತು. ಅವನನ್ನು ಕಳಿಸಿದ ದೊರೆಯ ಹೆಸರಿನ ಕತೆ ಅಷ್ಟಾಗಿ ಗೊತ್ತಿಲ್ಲ. ದೊರೆ ಶಾಹ್ ರುಖ್, ತೈಮೂರನ ಮಗ. ತೈಮೂರ್ ಚದುರಂಗದ ಹುಚ್ಚ. 1377ರಲ್ಲಿ ಅವನು ಆಟದಲ್ಲಿ ಮುಳುಗಿ, ಎದುರಾಳಿಯ ರಾಜನಿಗೆ ರುಖ್ ಎಂಬ ಮೂಲೆಯ ಕಾಯಿಯಿಂದ ಶಹ ಕೊಟ್ಟ ಗಳಿಗೆಯಲ್ಲೇ ಮಗ ಹುಟ್ಟಿದ ಸುದ್ದಿ ಬಂತು. ಅದಕ್ಕೇ ಮಗುವಿಗೆ ಶಾಹ್ ರುಖ್ ಎಂದು ಹೆಸರಿಟ್ಟ ಎಂದು ಚರಿತ್ರಕಾರ ಇಬ್ನ್ ಅರಬ್‌ಶಾಹ್ ಬರೆದಿದ್ದಾನೆ. ಚದುರಂಗದ ಒಂದು ನಡೆಯನ್ನೇ ಹೆಸರಾಗಿ ಹೊತ್ತ ದೊರೆಯ ಓಲೆ ದೇವರಾಯನ ಕೈ ಸೇರಿತ್ತು.

ತೈಮೂರನಿಗೆ ಅರವತ್ತನಾಲ್ಕು ಮನೆ ಸಾಲದಾಗಿತ್ತು. ಅವನ ಮೆಚ್ಚಿನ ದೊಡ್ಡ ಚದುರಂಗಕ್ಕೆ ಹತ್ತು ಸಾಲು, ಹನ್ನೊಂದು ಕಂಬ, ಒಟ್ಟು 110 ಮನೆ; ಎರಡು ಬದಿಗೆ ಹೊರಚಾಚಿದ ಎರಡು ಕೋಟೆಮನೆ ಬೇರೆ. ಸೋಲು ಖಚಿತವಾದ ರಾಜ ಎದುರಾಳಿಯ ಕೋಟೆಮನೆಗೆ ನುಗ್ಗಿ ಆಟವನ್ನು ಸಮ ಮಾಡಿಕೊಳ್ಳಬಹುದು. ಕಾಯಿಗಳಲ್ಲಿ ಜಿರಾಫೆಯಿತ್ತು, ಒಂಟೆಯಿತ್ತು, ಕೋಟೆ ಮುರಿಯುವ ದಬ್ಬಾಬ ಯಂತ್ರವಿತ್ತು. ಒಂದೊಂದು ಕಾಯಿಗೂ ಅದರದೇ ಬೇರೆ ಕಾಲಾಳು. ಸಮರಕಂದದಿಂದ ದಮಾಸ್ಕಸ್‌ವರೆಗೆ ಸೈನ್ಯ ನಡೆಸಿದವನ ಹಲಗೆ ಹಾಗಲ್ಲದೆ ಇನ್ನು ಹೇಗಿರಬೇಕು?

ದೇವರಾಯನಿಗೂ ಆ ಲೋಕ ಅಪರಿಚಿತವಲ್ಲ. ಅವನ ಸೈನ್ಯದಲ್ಲಿ ತುರುಕ ರಾವುತರೂ ಬಿಲ್ಲಾಳುಗಳೂ ಇದ್ದರು. ಅವನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇವತ್ತೂ ನಿಂತಿದೆ. ಕುದುರೆಗಳು ಬರುತ್ತಿದ್ದದ್ದೂ ಹಾರ್ಮುಜಿನ ದಾರಿಯಲ್ಲಿಯೇ. ಒಂಬತ್ತು ಶತಮಾನಗಳ ಹಿಂದೆ ಚದುರಂಗ ಪರ್ಷಿಯಾಕ್ಕೆ ಹೋಗಿತ್ತು. ಈಗ ಪರ್ಷಿಯಾದ ಕಡೆಯಿಂದ ನಿಜವಾದ ಕುದುರೆಗಳು ಬರುತ್ತಿದ್ದವು. ಮುಂದೆ ಇಲ್ಲಿಗೆ ಬಂದ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವಂತೆ ವಿಜಯನಗರದ ರಾಯರು ವರ್ಷಕ್ಕೆ 13,000 ಹಾರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದರು.

ಅಬ್ದುರ್ ರಜಾಕ್ ಬಂದು ಹೋದ ಮೂರು ದಶಕಗಳಲ್ಲಿ, ಪಶ್ಚಿಮದ ಇನ್ನೊಂದು ತುದಿಯಲ್ಲಿ ಆಟ ತಲೆಕೆಳಗಾಯಿತು. ಸುಮಾರು 1475ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಬರೆದ ಒಂದು ಕಾವ್ಯದಲ್ಲಿ ಮೊದಲ ಬಾರಿಗೆ ಹೊಸ ನಿಯಮ ಕಾಣುತ್ತದೆ. ಒಂದೇ ಮನೆ ನಡೆಯುತ್ತಿದ್ದ ಮಂತ್ರಿ ಯುರೋಪಿನಲ್ಲಿ ಆಗಲೇ ರಾಣಿಯಾಗಿದ್ದಳು. ಈಗ ಅವಳಿಗೆ ಎಂಟು ದಿಕ್ಕಿಗೂ ಬೇಕಾದಷ್ಟು ದೂರ ಓಡುವ ಬಲ ಬಂತು. ಎಂಟೇ ಮನೆಗಳಲ್ಲಿ ಕುಪ್ಪಳಿಸುತ್ತಿದ್ದ ಆನೆಯ ಜಾಗದ ಕಾಯಿಗೆ ಓರೆಯ ಉದ್ದಕ್ಕೂ ದಾರಿ ತೆರೆಯಿತು. ನೂರು ನಡೆ ಎಳೆಯುತ್ತಿದ್ದ ಆಟ ಹತ್ತು ನಡೆಯಲ್ಲಿ ಮುಗಿಯಬಹುದಾಯಿತು. 1497ರಲ್ಲಿ ಸಲಮಾಂಕಾದಲ್ಲಿ ಲುಸೇನಾ ಇದರ ಮೇಲೆ ಪುಸ್ತಕ ಅಚ್ಚು ಹಾಕಿಸಿದ. 1512ರಲ್ಲಿ ದಮಿಯಾನೊ ಎಂಬ ಪೋರ್ಚುಗೀಸ್ ಔಷಧ ವ್ಯಾಪಾರಿ ರೋಮಿನಲ್ಲಿ ಇನ್ನೊಂದನ್ನು. ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು.

ದಮಿಯಾನೊನ ಪುಸ್ತಕ ಬಂದ ಎಂಟೇ ವರ್ಷಕ್ಕೆ, 1520ರ ಸುಮಾರಿಗೆ, ಅವನ ನಾಡಿನ ದೊಮಿಂಗೊ ಪಾಯಸ್ ಕೃಷ್ಣದೇವರಾಯನ ಮಹಾನವಮಿಯನ್ನು ನೋಡುತ್ತ ನಿಂತಿದ್ದ. ಪಾಯಸನ ಗುಂಪಿನ ಕ್ರಿಸ್ತೊವಾವ್ ದ ಫಿಗೆರೆದೊ ಅದೇ ವರ್ಷ ರಾಯಚೂರಿನ ಮುತ್ತಿಗೆಯಲ್ಲಿ ಕೋವಿಗಾರರೊಂದಿಗೆ ರಾಯನ ನೆರವಿಗೆ ನಿಂತ. ಈ ದಂಡಯಾತ್ರೆಗೆ ಹೊರಟ ಸೈನ್ಯದ ಲೆಕ್ಕವನ್ನು ನೂನಿಜ್ ಕೊಡುತ್ತಾನೆ: 7,03,000 ಕಾಲಾಳು, 32,600 ಕುದುರೆ, 551 ಆನೆ. ಸಂಖ್ಯೆ ಹಿಗ್ಗಿರಬಹುದು. ನನಗೆ ಮುಖ್ಯವಾಗಿ ಕಾಣುವುದು ಆ ಪಟ್ಟಿಯಲ್ಲಿ ಇಲ್ಲದ್ದು. ಕಾಲಾಳು ಇದೆ, ಕುದುರೆ ಇದೆ, ಆನೆ ಇದೆ, ರಥವಿಲ್ಲ. ಚತುರಂಗದ ಒಂದು ಅಂಗ ಯುದ್ಧಭೂಮಿ ಬಿಟ್ಟು ಶತಮಾನಗಳೇ ಆಗಿದ್ದವು. ರಥವೆಂದರೆ ಆಗ ದೇವರ ತೇರು. ಅದು ಉರುಳುತ್ತಿದ್ದದ್ದು ವಿರೂಪಾಕ್ಷನ ಬೀದಿಯಲ್ಲಿ, ವಿಠ್ಠಲನ ಬೀದಿಯಲ್ಲಿ. ಸೈನ್ಯದಲ್ಲಿ ರಥ ಕಂಡೇ ಇರದ ಜನ ಹಲಗೆಯ ಮೂಲೆಯ ಕಾಯಿಯನ್ನು ಆನೆಯೆಂದು ಕರೆಯುವುದು ಸಹಜ. ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಜೊತೆಗೆ ಒಂಟೆಗಳೂ ಸಾಲಾಗಿ ನಡೆಯುತ್ತಿವೆ. ಆನೆ ಮೂಲೆಗೆ ಸರಿದಾಗ ಖಾಲಿಯಾದ ಮನೆಗೆ ಯಾರು ಬರಬಹುದಿತ್ತು ಎಂಬುದಕ್ಕೆ ಆ ಪಟ್ಟಿಕೆಗಳನ್ನು ನೋಡಿದರೆ ಸಾಕು.

ಕೃಷ್ಣದೇವರಾಯ ಸ್ವತಃ ಚದುರಂಗದ ರಸಿಕನೆಂದು ತೆಲುಗು ಚಾಟು ಪರಂಪರೆ ಹೇಳುತ್ತದೆ. ಬೊಡ್ಡುಚೆರ್ಲ ತಿಮ್ಮನ ಎಂಬ ಕವಿ ಆಟದಲ್ಲಿ ಎದುರಿಲ್ಲದವನಂತೆ. ಅವನ ಆಟಕ್ಕೆ ಮೆಚ್ಚಿ ರಾಯ ಕೊಪ್ಪೋಲು ಗ್ರಾಮವನ್ನೇ ಕೊಟ್ಟನಂತೆ. ಕಾವ್ಯಕ್ಕೆ ಅಗ್ರಹಾರ ಕೊಟ್ಟ ಕತೆಗಳು ಬೇಕಾದಷ್ಟಿವೆ. ಆಟಕ್ಕೆ ಊರು ಸಿಕ್ಕ ಕತೆ ವಿರಳ.

ರಾಯರ ಆಟ ಹೀಗಾದರೆ, ರಾಯರ ಊರಿನವರ ಆಟ ಯಾವುದು? ಅದಕ್ಕೆ ಉತ್ತರ ಕಲ್ಲಿನಲ್ಲೇ ಇದೆ. ಹಂಪಿಯ ಬಜಾರಿನ ಸಾಲು ಮಂಟಪಗಳ ನೆಲದಲ್ಲಿ, ಬಾಗಿಲ ಕಟ್ಟೆಗಳ ಮೇಲೆ, ಬಯಲ ಬಂಡೆಗಳ ಮೇಲೆ ಉಳಿಯಿಂದ ಗೀಚಿದ ಆಟದ ಮನೆಗಳು ಎಷ್ಟೆಷ್ಟೋ ಇವೆ. ವಿಜಯನಗರದ ಅವಶೇಷಗಳನ್ನು ದಶಕಗಳ ಕಾಲ ಅಳೆದು ದಾಖಲಿಸಿದ ಜಾನ್ ಫ್ರಿಟ್ಜ್ ಅವರು ಗಿಬ್ಸನ್ ಎಂಬವರೊಂದಿಗೆ ಇವುಗಳ ಮೇಲೆಯೇ ಒಂದು ಲೇಖನ ಬರೆದಿದ್ದಾರೆ. ಗೋಪುರ, ಕಂಬಗಳನ್ನು ನೋಡುತ್ತ ತಲೆಯೆತ್ತಿ ನಡೆಯುವವರಿಗೆ ಇವು ಕಾಣುವುದಿಲ್ಲ. ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿ ಬೀಳುವಾಗ ನೆಲದ ಮೇಲೆ ಕಣ್ಣಿಟ್ಟರೆ ಗೆರೆಗಳು ಎದ್ದು ಬರುತ್ತವೆ.

ಹೆಚ್ಚಾಗಿ ಕಾಣುವುದು ಹುಲಿ-ಕುರಿ. ಒಂದು ಶಿಖರದಿಂದ ಕೆಳಗಿಳಿಯುವ ಗೆರೆಗಳು, ಅವನ್ನು ಅಡ್ಡ ಕಡಿಯುವ ಗೆರೆಗಳು. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಗಳು ಒಟ್ಟಾಗಿ ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಕಟ್ಟಿಹಾಕಿದರೆ ಗೆದ್ದವು. ಇದರ ಜೊತೆಗೆ ಮೂರು ಕಾಯಿ ಸಾಲುಗೂಡಿಸುವ ಸಾಲುಮನೆ, ಚೌಕಾಬಾರ, ಬೀಜ ಹಾಕುತ್ತ ಹೋಗುವ ಅಳಗುಳಿಯ ಗುಂಡಿಗಳು. ಕೆಲವು ಗೆರೆಗಳು ನುರಿತ ಕಲ್ಲುಕುಟಿಗನ ಕೈಯವು, ನೇರ ಮತ್ತು ಆಳ. ಕೆಲವು ಕೈಗೆ ಸಿಕ್ಕ ಚೂಪುಗಲ್ಲಿನಿಂದ ಗೀರಿದಂಥವು. ಕಾವಲುಗಾರ, ವ್ಯಾಪಾರಿ, ಜಾತ್ರೆಗೆ ಬಂದವ, ದನ ಮೇಯಿಸುವ ಹುಡುಗ, ಯಾರು ಯಾವಾಗ ಕೊರೆದರೆಂದು ಗೆರೆ ಹೇಳುವುದಿಲ್ಲ. ಎಷ್ಟೋ ಮನೆಗಳು ಪಟ್ಟಣ ಹಾಳಾದ ಮೇಲಿನವೂ ಇರಬಹುದು.

ಚದುರಂಗ ಈ ಗುಂಪಿನಲ್ಲಿ ಯಾಕೆ ಹಿಂದೆ ಬೀಳುತ್ತದೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಹುಲಿ-ಕುರಿಗೆ ಹದಿನೆಂಟು ಕಲ್ಲುಚೂರು ಸಾಕು. ಆಟ ಮುಗಿದರೆ ಅಲ್ಲೇ ಬಿಟ್ಟು ಏಳಬಹುದು. ಚದುರಂಗಕ್ಕೆ ಒಂದರಂತೆ ಇನ್ನೊಂದಿಲ್ಲದ ಕಾಯಿಗಳು ಬೇಕು. ಅವನ್ನು ಮರದಲ್ಲೋ ದಂತದಲ್ಲೋ ಕಡೆಯಬೇಕು, ಜೋಪಾನವಾಗಿ ಎತ್ತಿಡಬೇಕು. ಅಂಥ ಕಾಯಿಗಳಿದ್ದವನ ಬಳಿ ಹಾಸಲು ಬಟ್ಟೆಯೋ ಹಲಗೆಯೋ ಇದ್ದೇ ಇರುತ್ತದೆ. ಅರಮನೆಯ ಮರ, ಬಟ್ಟೆಗಳೆಲ್ಲ ಸುಟ್ಟುಹೋದವು. ಕಲ್ಲಿನಲ್ಲಿ ಉಳಿದದ್ದು ಕೈಯಲ್ಲಿ ಏನೂ ಇಲ್ಲದವರ ಆಟ. ಆ ಆಟದಲ್ಲಿ ಗೆಲುವಿಗೆ ರಾಜ ಬೇಕಿಲ್ಲ, ಹಿಂಡು ಬೇಕು ಎಂಬುದು ನನಗೆ ಪ್ರತಿ ಸಲವೂ ಹಿಡಿಸುತ್ತದೆ.

1565ರ ಜನವರಿಯಲ್ಲಿ ಕೃಷ್ಣೆಯ ಬಳಿ ನಡೆದ, ವಿಜಯನಗರವನ್ನು ಹಾಳುಗೆಡವಿದ ಯುದ್ಧದ ಬಗ್ಗೆ ಬಹಳ ಹೇಳಬೇಕಿಲ್ಲ. ಸಿಂಹಾಸನದ ಮೇಲೆ ಸದಾಶಿವರಾಯನ ಹೆಸರಿತ್ತು, ಅಧಿಕಾರವೆಲ್ಲ ಅಳಿಯ ರಾಮರಾಯನದು. ಚರಿತ್ರಕಾರ ಫೆರಿಷ್ತಾ ಬರೆಯುವಂತೆ ಶತ್ರುಪಕ್ಷದ ಆನೆಯೊಂದು ನುಗ್ಗಿದಾಗ ಬೋವಿಗಳು ಪಲ್ಲಕ್ಕಿ ಕೆಡವಿ ಓಡಿದರು, ರಾಮರಾಯ ಸೆರೆ ಸಿಕ್ಕ. ಅವನ ತಲೆ ಉರುಳಿದ್ದು ಕಂಡ ಕೂಡಲೇ, ರಾಜ ಬಿದ್ದ ಚದುರಂಗದಂತೆ, ಇನ್ನೂ ಹೋರಾಡಬಲ್ಲ ಸ್ಥಿತಿಯಲ್ಲಿದ್ದ ಸೈನ್ಯ ಚೆದುರಿತು. ಹೆಸರಿಗಷ್ಟೇ ಅರಸನಾದ ಸದಾಶಿವ ಪೆನುಗೊಂಡೆಯ ದಾರಿ ಹಿಡಿದ.

ರಾಯರ ಮಹಾನವಮಿಯನ್ನು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದವರು ಒಂದು ಕಾಲಕ್ಕೆ ಅವರ ಸಾಮಂತರಾಗಿದ್ದ ಮೈಸೂರಿನ ಒಡೆಯರು. ಚದುರಂಗದ ಕತೆಯೂ ಅದೇ ಮನೆತನದಲ್ಲಿ ಮುಂದುವರಿಯಿತು. ಐದು ವರ್ಷದ ಮಗುವಾಗಿ 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡರು. ಆಮೇಲೆ 1868ರಲ್ಲಿ ಕಣ್ಣು ಮುಚ್ಚುವವರೆಗೆ ಅವರ ಬುದ್ಧಿ ಹರಿದದ್ದು ಗ್ರಂಥ, ಚಿತ್ರ, ಆಟಗಳ ಕಡೆಗೆ. ಅವರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಅದು ಆಟಗಳದು. ಕುದುರೆ ಹಲಗೆಯ ಎಲ್ಲ ಮನೆಗಳನ್ನೂ ಸುತ್ತಿ ಬರುವ ಹೊಸ ಹೊಸ ಬಂಧಗಳನ್ನು ಅವರು ರಚಿಸಿದರು. ಆಟದ ಮನೆಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೇ ಬರೆಸಿದರು. ಇಂದು ಹೋದರೂ ನೋಡಬಹುದು. ಸೋಮೇಶ್ವರನ ಕ್ರೀಡಾ ವಿಂಶತಿಯ ಏಳು ಶತಮಾನಗಳ ನಂತರ ಇನ್ನೊಬ್ಬ ಕನ್ನಡ ದೊರೆ ಅದೇ ಕೆಲಸಕ್ಕೆ ಕುಳಿತಿದ್ದ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಈಚಿನ ವರ್ಷಗಳಲ್ಲಿ ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಈ ಹಲಗೆಗಳಿಗೆ ಮತ್ತೆ ಜೀವ ಕೊಟ್ಟಿದೆ.

ಪೋರ್ಚುಗೀಸರ ನಾಡಿನ ಕಡೆ ಹುಟ್ಟಿದ ಓಟದ ಆಟ ಕೊನೆಗೆ ಇಡೀ ಲೋಕವನ್ನು ಗೆದ್ದಿತು. ಆದರೂ ನಮ್ಮ ಕಡೆ ಅದು ಬಹುಕಾಲ ನಮ್ಮ ನಿಯಮಗಳೊಂದಿಗೆ ಬೆರೆತೇ ಬಾಳಿತು. ಮಂತ್ರಿಗೆ ಹೊಸ ಬಲ ಬಂದಿತ್ತು, ಆದರೆ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆಯ ಅವಕಾಶವಿರಲಿಲ್ಲ. ರಾಜ ಮತ್ತು ಆನೆ ಜಾಗ ಬದಲಿಸಿ ಕೋಟೆ ಕಟ್ಟುವ ಪದ್ಧತಿ ಇರಲಿಲ್ಲ. ಬದಲಿಗೆ, ಒಮ್ಮೆಯೂ ಶಹ ಬೀಳದ ರಾಜ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಕೊನೆಯ ಮನೆ ಮುಟ್ಟಿದ ಕಾಲಾಳು ಬಯಸಿದ್ದಾಗುತ್ತಿರಲಿಲ್ಲ, ಯಾವ ಕಂಬದಲ್ಲಿ ಮುಟ್ಟಿತೋ ಆ ಕಂಬದ ಕಾಯಿಯಾಗುತ್ತಿತ್ತು. ಈ ಭಾರತೀಯ ಆಟದಲ್ಲಿ ಪಳಗಿದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ನಿಯಮ ಕಲಿತು, 1929, 1932, 1933ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದ.

ಅಜ್ಜಂದಿರು ಕಟ್ಟೆಯ ಮೇಲೆ ಆಡಿಸುತ್ತಿದ್ದ ಆಟದಲ್ಲಿ ರಾಜ ಕುದುರೆಯಂತೆ ಹಾರುತ್ತಿದ್ದದ್ದು ನಿಮ್ಮ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ, ಕಂಪ್ಲಿಯಲ್ಲೋ ಸಂಡೂರಿನಲ್ಲೋ ಹೊಸಪೇಟೆಯಲ್ಲೋ, ದಯವಿಟ್ಟು ಆ ನಿಯಮಗಳನ್ನು ಕೇಳಿ ಬರೆದಿಡಿ. ಹುಲಿ-ಕುರಿಯ ಗೆರೆಗಳಂತೆ ಅವು ಯಾವ ಬಂಡೆಯ ಮೇಲೂ ಕೊರೆದಿಲ್ಲ.